ನನ್ನ ಮನೆಗೆ ನಾನೇ ಗೆಸ್ಟು

ಸಮುದ್ರದ ದಂಡೆಯಲ್ಲಿ ನಿಮಗೊಂದು ಮನೆ ಇದೆ ಎಂದು ಗೊತ್ತಾದರೆ ಸಾಕು, ಜನ ನಿಮ್ಮನ್ನು ನೋಡುವ ರೀತಿಯೇ ಬದಲಾಗುತ್ತದೆ. ನಾವಿರುವ ಟೆಕ್ಸಸ್ಸಿನ ಶುಗರ್ ಲ್ಯಾಂಡಿನಲ್ಲಿ ಯಾರ ಮನೆಯ ಸತ್ಯನಾರಾಯಣ ಪೂಜೆಗೆ ಹೋದರೂ, ಪ್ರಸಾದದ ಬಟ್ಟಲು ಹಿಡಿದುಕೊಂಡು ಒಬ್ಬರಾದರೂ ನನ್ನ ಪಕ್ಕಕ್ಕೆ ಬಂದು ನಿಲ್ಲುತ್ತಾರೆ. ಗ್ಯಾಲ್ವೆಸ್ಟನ್‌ನಲ್ಲಿ ಬೀಚ್ ಹೌಸ್ ಇದೆಯಂತೆ, ಪುಣ್ಯ ಮಾಡಿದ್ರಿ ಬಿಡಿ ಎನ್ನುತ್ತಾರೆ. ನಾನು ಹಲ್ಲು ಬಿಟ್ಟು ಸುಮ್ಮನಾಗುತ್ತೇನೆ. ಆ ಮನೆ ಕೊಂಡ ಮೇಲೆ ನಾನು ಅಲ್ಲಿ ಕಣ್ತುಂಬ ನೋಡಿದ್ದು ಸಮುದ್ರವನ್ನಲ್ಲ, ವಾಷಿಂಗ್ ಮಷಿನ್ನಿನ ದುಂಡು ಗಾಜಿನ ಬಾಗಿಲನ್ನು. ಅದರೊಳಗೂ ನೀರು ಏಳುತ್ತದೆ, ಬೀಳುತ್ತದೆ, ನೊರೆ ಬರುತ್ತದೆ. ಉಪ್ಪಿಲ್ಲ ಎನ್ನುವುದೊಂದೇ ವ್ಯತ್ಯಾಸ.

ಮನೆ ಕೊಳ್ಳುವ ಹುಚ್ಚು ನಮ್ಮ ಯಜಮಾನರದು. ಎಣ್ಣೆ ಕಂಪನಿಯಲ್ಲಿ ಪೈಪುಗಳ ಒತ್ತಡ ಅಳೆಯುತ್ತಾ ಕೂದಲು ಬಿಳಿ ಮಾಡಿಕೊಂಡ ಮನುಷ್ಯ, ರಿಟೈರ್ ಆದ ಮೇಲೆ ಒಂದು ದಿನ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ ಒಂದು ಬಾಲ್ಕನಿಯ ಚಿತ್ರ ತೋರಿಸಿದರು. ಇಬ್ಬರೂ ಅಲ್ಲಿ ಸಂಜೆ ಮುಂದೆ ಚಹಾ ಕುಡಿಯುತ್ತಾ ಸಮುದ್ರ ನೋಡೋಣ ಎಂದರು. ನಾವು ಧಾರವಾಡದ ಕಡೆಯವರು, ನೀರು ಎಂದರೆ ಕೆರೆ ಎಂದುಕೊಂಡು ಬೆಳೆದವರು. ಆದರೂ ಆ ಚಿತ್ರದಲ್ಲಿ ಎರಡು ಕುರ್ಚಿಗಳಿದ್ದವು, ನಡುವೆ ಒಂದು ಪುಟ್ಟ ಮೇಜಿತ್ತು. ನನಗೂ ಆಸೆಯಾಯಿತು. ಸುಳ್ಳು ಯಾಕೆ ಹೇಳಲಿ?

ಮನೆ ಬಂತು. ಬಿರುಗಾಳಿ ಬಂದರೆ ನೀರು ಕೆಳಗೇ ಹಾಯ್ದು ಹೋಗಲಿ ಎಂದು ಅಲ್ಲಿಯ ಮನೆಗಳನ್ನೆಲ್ಲ ಎತ್ತರದ ಮರದ ಕಂಬಗಳ ಮೇಲೆ ಕಟ್ಟಿರುತ್ತಾರೆ. ಕೆಳಗೆ ಕಾರು, ಮೇಲೆ ಸಂಸಾರ. ಒಂದು ಚೀಲ ಅಕ್ಕಿ ಮೇಲಕ್ಕೆ ಒಯ್ಯಬೇಕಾದರೂ ಬೆಟ್ಟದ ಮೇಲಿನ ದೇವರ ದರ್ಶನಕ್ಕೆ ಹೋದಷ್ಟು ಏದುಸಿರು ಬರುತ್ತದೆ. ಉಪ್ಪು ಗಾಳಿಗೆ ಬಾಗಿಲ ತಿರುಪು, ಬೀಗ, ಇಡ್ಲಿ ಸ್ಟ್ಯಾಂಡಿನ ಕಡ್ಡಿ, ಎಲ್ಲಕ್ಕೂ ತುಕ್ಕು ಹಿಡಿಯುತ್ತದೆ. ಬರೀ ನೋಡುವುದಕ್ಕೆಂದು ಅಂಥ ಮನೆ ಸಾಕುವ ಶಕ್ತಿ ನಮಗೆಲ್ಲಿಂದ ಬರಬೇಕು? ಹಾಗಾಗಿ ಆ ಓಣಿಯ ಎಲ್ಲರಂತೆ ನಾವೂ ಅದನ್ನು ರಜೆಗೆ ಬರುವವರಿಗೆ ಬಾಡಿಗೆಗೆ ಬಿಟ್ಟೆವು.

ಎದುರು ಮನೆಯಲ್ಲಿ ವರ್ಷವಿಡೀ ಇರುವ ಒಬ್ಬ ಅಮೆರಿಕನ್ ಅಜ್ಜಿ ಇದ್ದಾಳೆ, ಹಿಂದೆ ಸ್ಕೂಲ್ ಟೀಚರ್ ಆಗಿದ್ದವಳು. ಅವಳು ಗಾಲ್ಫ್ ಕಾರ್ಟ್ ಓಡಿಸಿಕೊಂಡು ಬಂದು ಮೊದಲ ದಿನವೇ ನಮಗೆ ಈ ಊರಿನ ಶಾಸ್ತ್ರ ಹೇಳಿಕೊಟ್ಟಳು. ಗೆಸ್ಟು ಮನೆಯಲ್ಲಿರುವಾಗ ಮಾಲೀಕರು ಅತ್ತ ಮುಖ ಹಾಕಬಾರದು, ಅವರಾಗಿ ಕರೆದರೆ ಮಾತ್ರ ಹೋಗಬೇಕು. ಇಲ್ಲಿ ಮನೆ ಇದ್ದವರು ಯಾರೂ ಸಮುದ್ರ ನೋಡುವುದಿಲ್ಲ, ಸಮುದ್ರ ಏನಿದ್ದರೂ ಬಾಡಿಗೆಯವರಿಗೆ ಎಂದು ನಕ್ಕಳು. ನಾನೂ ನಕ್ಕೆ. ಆಗ ನನಗೆ ಅದು ತಮಾಷೆ ಎನಿಸಿತ್ತು.

ಮಾಲೀಕರ ಕೆಲಸ ಇಬ್ಬರಲ್ಲಿ ಹೀಗೆ ಹಂಚಿಕೆಯಾಯಿತು. ಫೋನಿನ ಕೆಲಸವೆಲ್ಲ ಅವರದು, ಮೈ ಮುರಿಯುವ ಕೆಲಸವೆಲ್ಲ ನನ್ನದು. ಗೆಸ್ಟು ಬೆಳಿಗ್ಗೆ ಹನ್ನೊಂದಕ್ಕೆ ಹೊರಡುತ್ತಾರೆ, ಮುಂದಿನವರು ನಾಲ್ಕಕ್ಕೆ ಬರುತ್ತಾರೆ. ಆ ನಡುವಿನ ಹೊತ್ತಿನಲ್ಲಿ ಹಾಸಿಗೆ ಕೊಡವಬೇಕು, ಟವೆಲು ಒಗೆಯಬೇಕು, ಬಚ್ಚಲು ತಿಕ್ಕಬೇಕು, ಮರಳು ಗುಡಿಸಬೇಕು. ಈ ಮರಳು ಎಲ್ಲಿರುತ್ತದೆ ಎಂದು ಕೇಳಬೇಡಿ, ಎಲ್ಲಿರುವುದಿಲ್ಲ ಎಂದು ಕೇಳಿ. ದಿಂಬಿನ ಗವಸಿನಲ್ಲಿ, ಫ್ರಿಜ್ಜಿನ ತರಕಾರಿ ಡ್ರಾಯರಿನಲ್ಲಿ, ಒಮ್ಮೆ ಕುಕ್ಕರಿನ ಸೀಟಿಯೊಳಗೆ. ಕೊನೆಗೆ ಹೊರಗೆ ಮೆಟ್ಟಿಲ ಬುಡದಲ್ಲಿ ಒಂದು ನಲ್ಲಿ ಹಾಕಿಸಿ, ಕಾಲು ತೊಳೆದು ಮೇಲೆ ಬನ್ನಿ ಎಂದು ಬೋರ್ಡು ಬರೆಸಿದೆ. ಎಲ್ಲರೂ ಓದುತ್ತಾರೆ, ಯಾರೂ ತೊಳೆಯುವುದಿಲ್ಲ.

ಯಜಮಾನರು ಮಾತ್ರ ಈ ವ್ಯವಹಾರದಲ್ಲಿ ಹತ್ತು ವರ್ಷ ಚಿಕ್ಕವರಾದರು. ಬುಕಿಂಗ್ ಸೈಟಿನವರು ಅವರ ಹೆಸರಿನ ಪಕ್ಕದಲ್ಲಿ ಒಂದು ಬ್ಯಾಡ್ಜ್ ಅಂಟಿಸಿದ್ದಾರೆ, ಒಳ್ಳೆಯ ಹೋಸ್ಟ್ ಎನ್ನುವುದಕ್ಕೆ. ಆ ಬ್ಯಾಡ್ಜಿಗಾಗಿ ಅವರು ಪ್ರಾಣ ಬೇಕಾದರೂ ಬಿಟ್ಟಾರು. ಒಮ್ಮೆ ಒಪ್ಪಿಕೊಂಡ ಬುಕಿಂಗನ್ನು ಹೋಸ್ಟ್ ತಾನಾಗಿ ರದ್ದು ಮಾಡಿದರೆ ಬ್ಯಾಡ್ಜ್ ಹೋಗುತ್ತದೆ. ಹಾಗಾಗಿ ಅವರು ಇವತ್ತಿನವರೆಗೆ ಒಂದನ್ನೂ ರದ್ದು ಮಾಡಿಲ್ಲ. ಜ್ವರದಲ್ಲಿ ನಡುಗುತ್ತಿದ್ದಾಗ ಯಾರೋ ಬಿಸಿನೀರು ಬರುತ್ತಿಲ್ಲ ಎಂದು ಮೆಸೇಜ್ ಮಾಡಿದ್ದಕ್ಕೆ ಶಾಲು ಹೊದ್ದುಕೊಂಡೇ ಡ್ರೈವ್ ಮಾಡಿಕೊಂಡು ಹೋದವರು ಅವರು. ಕಂಡರಿಯದ ಗೆಸ್ಟಿಗೆ ಕೊಟ್ಟ ಮಾತೆಂದರೆ ಕಲ್ಲಿನ ಮೇಲೆ ಕೆತ್ತಿದ ಹಾಗೆ. ಹೆಂಡತಿಗೆ ಕೊಟ್ಟ ಮಾತು ಬೇರೆ ಜಾತಿಯದು.

ನಾನು ಕೇಳಿದ್ದು ಒಂದೇ ಒಂದು ರಾತ್ರಿ. ನನ್ನ ಮನೆಯಲ್ಲಿ, ನಾನೇ ಒಗೆದ ಹಾಸಿಗೆಯ ಮೇಲೆ, ಬೆಳಿಗ್ಗೆ ಯಾವ ಟವೆಲನ್ನೂ ಎಣಿಸದೆ ಎದ್ದು, ಆ ಕುರ್ಚಿಯಲ್ಲಿ ಕೂತು ಚಹಾ ಕುಡಿಯಬೇಕು. ಅಷ್ಟೇ. ಅವರು ತಕ್ಷಣ ಒಪ್ಪಿ ಕ್ಯಾಲೆಂಡರಿನಲ್ಲಿ ಒಂದು ಶನಿವಾರಕ್ಕೆ ಬೀಗ ಹಾಕಿದರು. ಆಮೇಲೆ ಫೋನು ಬಂತು.

ಇಲ್ಲಿ ಡಲ್ಲಾಸಿನ ಮಹಾಶಯರ ಪರಿಚಯ ಮಾಡಿಸಬೇಕು. ಇವರು ಬೆಂಗಳೂರಿನವರು, ಡಲ್ಲಾಸಿನಲ್ಲಿ ದೊಡ್ಡ ಸಾಫ್ಟ್‌ವೇರ್ ಹುದ್ದೆಯಲ್ಲಿದ್ದಾರೆ, ನಮ್ಮ ಯಜಮಾನರಿಗೆ ಯಾವುದೋ ಕನ್ನಡ ಸಮ್ಮೇಳನದ ಊಟದ ಸಾಲಿನಲ್ಲಿ ಸಿಕ್ಕವರು. ಒಳ್ಳೆಯ ಮನುಷ್ಯ, ಅದೇ ತೊಂದರೆ. ಕೆಟ್ಟವರಾಗಿದ್ದರೆ ಬಾಗಿಲು ಹಾಕಬಹುದಿತ್ತು. ಅವರ ಅತ್ತೆ ಮಾವ ಊರಿನಿಂದ ಬಂದಿದ್ದಾರಂತೆ, ಸಮುದ್ರ ತೋರಿಸಬೇಕಂತೆ. "ನಾವೇನು ಗೆಸ್ಟಾ ಸಾರ್, ಮನೆಯವರೇ ಅಲ್ವಾ" ಎಂದರು. ಯಜಮಾನರು ಕರಗಿ ನೀರಾದರು. ನಾನು ಕಣ್ಣು ಕೆಂಪು ಮಾಡಿದ್ದಕ್ಕೆ ಅವರು ಕೊಟ್ಟ ಉತ್ತರ, "ನಮ್ಮವರ ಇದ್ದಾರ, ಇಲ್ಲ ಅನ್ನಲಿಕ್ಕೆ ಬರ್ತದೇನು? ನಾವು ಮುಂದಿನ ತಿಂಗಳ ಹೋಗೂಣು."

ಮುಂದಿನ ತಿಂಗಳು ಆಸ್ಟಿನ್ನಿನ ನಮ್ಮವರು ಬಂದರು. ಕನ್ನಡ ಕೂಟದ ನಾಟಕದ ರಿಹರ್ಸಲ್ಲಿಗೆ ಅವರಿಗೆ ಏಕಾಂತ ಬೇಕಿತ್ತಂತೆ. ಆಸ್ಟಿನ್ ಪಕ್ಕದ ರೌಂಡ್ ರಾಕಿನಿಂದ ಮೂರು ವ್ಯಾನುಗಳಲ್ಲಿ ಬಂದ ಏಕಾಂತ ಅದು. ಹೋದ ಮೇಲೆ ಬಿಳಿ ಟವೆಲುಗಳ ಮೇಲೆ ಅರಿಶಿನದ ಕೈಗುರುತು, ಫ್ರಿಜ್ಜಿನಲ್ಲಿ ಅರ್ಧ ಪಾತ್ರೆ ಹುಳಿ, ಬಾಲ್ಕನಿಯ ಕುರ್ಚಿಗೆ ಅಂಟಿಕೊಂಡ ರಾಜನ ಮೀಸೆ. ಮೀಸೆಯನ್ನು ಬಿಸಿನೀರಿನಲ್ಲಿ ನೆನೆಸಿ ತೆಗೆದೆ. ಕೈಗುರುತು ಇವತ್ತಿಗೂ ಇದೆ.

ಮೂರನೆಯ ಸಲ ನಾನು ಹಟ ಮಾಡಿದೆ. ಯಜಮಾನರನ್ನು ಕಾರಿನಲ್ಲಿ ಕೂರಿಸಿ ನಾನೇ ಡ್ರೈವ್ ಮಾಡಿದೆ. ಹೋಗಿ ಬ್ಯಾಗು ಇಟ್ಟೆವು, ಚಹಾಕ್ಕೆ ನೀರಿಟ್ಟೆ, ಬಾಲ್ಕನಿಯ ಬಾಗಿಲು ತೆರೆದೆ. ಗಾಳಿ ಬಂತು. ಅದರ ಹಿಂದೆಯೇ ಫೋನು ಬಂತು. ಡಲ್ಲಾಸಿನ ಮಹಾಶಯರು ಹೈವೇಯಿಂದ ಮಾತಾಡುತ್ತಿದ್ದರು. ಆಗಲೇ ಹಂಟ್ಸ್‌ವಿಲ್ ದಾಟಿದ್ದರಂತೆ, ಎಂದರೆ ಅರ್ಧ ದಾರಿ ಮುಗಿದೇ ಹೋಗಿತ್ತು. ಹೀಗೇ ನಮ್ಮ ಮನೆ ಒಮ್ಮೆ ನೋಡಿ ಚಹಾ ಕುಡಿದು ಹೊರಡುವವರಂತೆ. ಚಹಾ ಕುಡಿಯಲು ಎರಡು ಕಾರು ತುಂಬ ಬಂದು ಸೋಮವಾರ ಬೆಳಿಗ್ಗೆಯವರೆಗೂ ಕುಡಿದರು. ಮಲಗಲು ಜಾಗ ಸಾಲದೆ ನಾನು, ಯಜಮಾನರು ಅವತ್ತೇ ಶುಗರ್ ಲ್ಯಾಂಡಿಗೆ ವಾಪಸ್ಸು ಬಂದೆವು. ದಾರಿಯುದ್ದಕ್ಕೂ ನಾನು ಒಂದು ಮಾತೂ ಆಡಲಿಲ್ಲ. ಅವರಿಗೆ ನನ್ನ ಬೈಗುಳಕ್ಕಿಂತ ನನ್ನ ಮೌನದ ಭಯ ಜಾಸ್ತಿ. ಆದರೆ ಭಯಪಟ್ಟ ಮಾತ್ರಕ್ಕೆ ಸುಧಾರಿಸುತ್ತಾರೆ ಎಂದೇನಿಲ್ಲ.

ಅವತ್ತೇ ನನಗೆ ಉಪಾಯ ಹೊಳೆಯಿತು. ಈ ಮನುಷ್ಯ ಹೆಂಡತಿಗೆ ಕೊಟ್ಟ ಶನಿವಾರ ಕಿತ್ತುಕೊಳ್ಳಬಲ್ಲ, ಗೆಸ್ಟಿಗೆ ಕೊಟ್ಟ ಶನಿವಾರವನ್ನು ಮುಟ್ಟಲಾರ. ಹಾಗಾದರೆ ನಾನು ಗೆಸ್ಟೇ ಆಗಬೇಕು.

ಮಗಳು ರೌಂಡ್ ರಾಕಿನ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ. ನಾನು ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಸಮಾಧಾನ ಹೇಳುವ ಹುಡುಗಿ. ಅವಳಿಗೆ ವಿಡಿಯೋ ಕಾಲ್ ಮಾಡಿ ನನಗೊಂದು ಅಕೌಂಟ್ ತೆರೆದುಕೊಡು ಎಂದೆ. "ಅಮ್ಮಾ, ಯು ವಾಂಟ್ ಟು ಬುಕ್ ಯುವರ್ ಓನ್ ಹೌಸ್?" ಎಂದು ಎರಡು ಸಲ ಕೇಳಿದಳು. ಹೌದು ಎಂದೆ. ಡೆಂಟಲ್ ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೂತು ಸಂಪಾದಿಸಿದ ನನ್ನ ದುಡ್ಡು, ನನ್ನ ಕಾರ್ಡು. ಎಡ ಜೇಬಿನದು ಬಲ ಜೇಬಿಗೆ ಹೋಗುತ್ತದೆ, ನಡುವೆ ಸೈಟಿನವರು ಸ್ವಲ್ಪ ತಿನ್ನುತ್ತಾರೆ, ತಿನ್ನಲಿ. ಎಷ್ಟು ಜನ ಗೆಸ್ಟು ಎಂದು ಫಾರ್ಮಿನಲ್ಲಿ ಕೇಳಿತ್ತು. ಎರಡು ಎಂದೆ, ಅಭ್ಯಾಸಬಲ. ಮಗಳು ಪರದೆಯ ಆಚೆಯಿಂದ ನನ್ನ ಮುಖ ನೋಡಿದಳು. ಆಮೇಲೆ ಎರಡು ಎಂದೇ ಒತ್ತಿದಳು.

ಫೋಟೋದ ಜಾಗಕ್ಕೆ ಒಂದು ಕೊಕ್ಕರೆಯ ಚಿತ್ರ ಹಾಕಿದ್ದಾಯಿತು. ಉಳಿದದ್ದು ಹೆಸರು. ಸೈಟಿನಲ್ಲಿ ಕರೆಯುವ ಹೆಸರು ಯಾವುದನ್ನಾದರೂ ಕೊಡಬಹುದಂತೆ. ನಾನು ನನ್ನ ಹಳೆಯ ಹೆಸರು ಕೊಟ್ಟೆ.

ನಮ್ಮ ಕಡೆ ಕೆಲವು ಮನೆತನಗಳಲ್ಲಿ ಮದುವೆಯ ದಿನ ಸೊಸೆಯ ಹೆಸರು ಬದಲಿಸುತ್ತಾರೆ. ತಾಟಿನಲ್ಲಿ ಅಕ್ಕಿ ಹರವಿ ಮದುಮಗನ ಕೈಗೆ ಉಂಗುರ ಕೊಡುತ್ತಾರೆ, ಅವನು ಅದರಿಂದ ಅಕ್ಕಿಯ ಮೇಲೆ ಹೊಸ ಹೆಸರು ಬರೆಯುತ್ತಾನೆ. ಅಲ್ಲಿಗೆ ಹಳೆಯದು ಮುಗಿಯಿತು. ನನ್ನದೂ ಹಾಗೆಯೇ ಮುಗಿದದ್ದು. ಆಮೇಲೆ ಮನೆಯ ಹೊಸ್ತಿಲಲ್ಲಿ ನಾದಿನಿಯರು ಅಡ್ಡ ನಿಂತು, ಹೆಸರು ಹೇಳಿದರೇನೇ ಒಳಗೆ ಬಿಡುವುದು ಎಂದು ಪಟ್ಟು ಹಿಡಿದಿದ್ದರು. ನಾನು ಯಜಮಾನರ ಹೆಸರನ್ನು ಹಾಡು ಕಟ್ಟಿ ಹೇಳಿದೆ. ಅವರು ನನ್ನ ಹೆಸರು ಹೇಳಲು ಹೋಗಿ ತಡವರಿಸಿದರು. ಗಂಟೆಯ ಹಿಂದೆ ಹುಟ್ಟಿದ ಹೆಸರು, ಪಾಪ, ಬಾಯಿಗೆ ಹೇಗೆ ಬರಬೇಕು? ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಇಪ್ಪತ್ತಮೂರು ವರ್ಷ ನನ್ನನ್ನು ಕರೆದ ಹೆಸರು ಎಲ್ಲಿ ಹೋಯಿತು ಎಂದು ಅವತ್ತು ಯಾರೂ ಕೇಳಲಿಲ್ಲ. ನನ್ನ ಅಪ್ಪ ಅಮ್ಮ ಇರುವವರೆಗೆ ಫೋನಿನಲ್ಲಿ ಅದು ಕೇಳುತ್ತಿತ್ತು. ಈಗ ಅದನ್ನು ಕರೆಯುವವರು ಯಾರೂ ಇಲ್ಲ.

ಯಜಮಾನರಿಗೆ ಅದು ನೆನಪಿಲ್ಲ ಎನ್ನುವುದಕ್ಕೆ ನನ್ನ ಹತ್ತಿರ ಸಾಕ್ಷಿಯೇ ಇತ್ತು. ಕೆಲವು ವರ್ಷಗಳ ಹಿಂದೆ ಯಾರದೋ ಮನೆಯ ಹಬ್ಬದೂಟದಲ್ಲಿ ಗಂಡಂದಿರನ್ನು ಪರೀಕ್ಷೆ ಮಾಡುವ ಆಟ ಆಡಿಸಿದ್ದರು. ಮದುವೆಗೆ ಮುಂಚೆ ನಿಮ್ಮ ಹೆಂಡತಿಯ ಹೆಸರೇನು ಎಂದು ಇವರನ್ನು ಕೇಳಿದರು. ಇವರು ಎದೆಯುಬ್ಬಿಸಿ ನನ್ನ ಅಕ್ಕನ ಹೆಸರು ಹೇಳಿದರು. ಆ ಮನೆಯಲ್ಲಿ ನಗು ನಿಲ್ಲಲು ಬಹಳ ಹೊತ್ತು ಬೇಕಾಯಿತು. ನಮ್ಮ ಮನೆಯಲ್ಲಿ ಎರಡು ದಿನ ಒಲೆ ಹಚ್ಚಲಿಲ್ಲ.

ಹಾಗಾಗಿ ಗುರುತು ಸಿಗುವ ಭಯವೇ ನನಗಿರಲಿಲ್ಲ. ಸಿಕ್ಕರೆ ಸಿಗಲಿ ಎಂಬ ಒಂದು ಸಣ್ಣ ಆಸೆ ಇತ್ತು, ಅದನ್ನು ನಾನು ಮಗಳಿಗೂ ಹೇಳಿಕೊಳ್ಳಲಿಲ್ಲ. ಬುಕ್ ಮಾಡಿದ ಮೇಲೆ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ ಕಾದೆ. ಹೊರಗೆ ಹಾಲ್‌ನಲ್ಲಿ ಅವರ ಫೋನು ಟಿಣ್ ಎಂದಿತು. ಬಹಳ ಹೊತ್ತು ಸದ್ದಿಲ್ಲ. ಆಮೇಲೆ ನನ್ನ ಫೋನು ಬರ್ರೆಂದಿತು, ಮಾನ್ಯ ಅತಿಥಿಗಳೇ ಎಂದು ಇಂಗ್ಲಿಷಿನಲ್ಲಿ ಶುರುವಾಗುವ, ಎಲ್ಲರಿಗೂ ಕಳಿಸುವ ಅದೇ ಸ್ವಾಗತ. ಬಾಲ್ಕನಿಯ ಕಂಬಿಯ ಮೇಲೆ ಒದ್ದೆ ಬಟ್ಟೆ ಒಣಗಿಸಬಾರದು, ಕಾಲು ತೊಳೆದು ಬರಬೇಕು. ಆ ನಿಯಮಗಳೆಲ್ಲ ನಾನೇ ಹೇಳಿ ಬರೆಸಿದವು. ನನಗೆ ಸಿಟ್ಟು ಬಂದದ್ದು ಖರೇ, ಕಣ್ಣಲ್ಲಿ ನೀರು ಬಂದದ್ದೂ ಖರೇ. ಈರುಳ್ಳಿ ಇತ್ತಲ್ಲ, ಯಾರೂ ಕೇಳಲಿಲ್ಲ.

ಗೆಸ್ಟು ಎಂದ ಮೇಲೆ ಸುಮ್ಮನೆ ಹೇಗಿರುವುದು? ಕಾಡಿಸಬೇಕು ಎಂದು ತೀರ್ಮಾನ ಮಾಡಿದೆ. ಬೆಡ್‌ರೂಮಿನ ಬಾಗಿಲು ಹಾಕಿಕೊಂಡು ಒಂದೊಂದೇ ಪ್ರಶ್ನೆ ಕಳಿಸುತ್ತಿದ್ದೆ. ಮೆಟ್ಟಿಲು ಬಹಳ ಕಡಿದಾಗಿದೆಯೇ? ಚಹಾ ಸೋಸುವ ಜರಡಿ ಇದೆಯೇ? ದಿಂಬು ಗಟ್ಟಿಯೋ ಮೆತ್ತಗೋ? ಹಾಲ್‌ನಿಂದ ಅವರು ತಕ್ಷಣ ಉತ್ತರ ಕಳಿಸುತ್ತಿದ್ದರು, ಪ್ರತಿಯೊಂದಕ್ಕೂ ಕೊನೆಯಲ್ಲಿ ಒಂದು ನಮಸ್ಕಾರ. ಮನೆಯಲ್ಲಿ ನಾನು ಜರಡಿ ಎಲ್ಲಿ ಎಂದು ಕೇಳಿದರೆ ಅಲ್ಲೇ ಎಲ್ಲೋ ಇರಬೇಕು ನೋಡು ಎನ್ನುವ ಮನುಷ್ಯ, ಅಪರಿಚಿತ ಹೆಂಗಸಿಗೆ ಮೂರನೆಯ ಡ್ರಾಯರಿನ ಎಡಗಡೆ ಎಂದು ಬರೆದರು. ನಾನು ದಿಂಬನ್ನು ಎರಡು ಸಲ ಗುದ್ದಿದೆ.

ಊಟಕ್ಕೆ ಕೂತಾಗ ಅವರಾಗಿಯೇ ಆ ವಿಷಯ ತೆಗೆದರು. ರೊಟ್ಟಿ ಮುರಿಯುತ್ತಾ, ತಲೆಯೆತ್ತದೆ, "ಈ ಸಲದ ಗೆಸ್ಟು ಭಾಳ ಕಾಟದ ಹೆಂಗಸು ಕಾಣಸ್ತಾಳ. ಆಕಿ ಗಂಡ ಹೆಂಗ ಸಂಸಾರ ಮಾಡ್ಯಾನೋ" ಎಂದರು. ನನಗೆ ಬಾಯಿ ತುಂಬ ಉತ್ತರವಿತ್ತು, ಕೊಡುವಂತಿರಲಿಲ್ಲ. ಪಲ್ಯ ಬಡಿಸುವ ನೆಪದಲ್ಲಿ ಸೌಟನ್ನು ಸ್ವಲ್ಪ ಜೋರಾಗಿ ತಾಟಿಗೆ ಬಡಿದೆ. ಅವರು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ಆ ವಾರಾಂತ್ಯ ಮಗಳ ಮನೆಗೆ ಹೋಗುತ್ತೇನೆ ಎಂದು ಮೊದಲೇ ಹೇಳಿಟ್ಟಿದ್ದೆ. ಹಾಗಾದರೆ ಮನೆ ಸ್ವಚ್ಛ ಮಾಡುವವರು ಯಾರು ಎಂದು ಅವರು ಗೋಳಾಡುತ್ತಾರೆ ಎಂದುಕೊಂಡಿದ್ದರೆ, ನಾನೇ ಮಾಡ್ತೀನಿ ಬಿಡು ಎಂದುಬಿಟ್ಟರು. ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ನನಗೆ ಬಂದದ್ದು, ಆ ಹಾಸಿಗೆಯ ಮೇಲೆ ಮಲಗಬೇಕಾದವಳು ನಾನೇ ಎಂಬ ಚಿಂತೆ.

ಗುರುವಾರ ಸಂಜೆ ಡಲ್ಲಾಸಿನಿಂದ ಫೋನು ಬಂತು. ಬಂದೇ ಬರುತ್ತದೆ ಎಂದು ನನಗೆ ಗೊತ್ತಿತ್ತು. ಯಜಮಾನರು ಫೋನನ್ನು ಸ್ಪೀಕರಿಗೆ ಹಾಕಿ ಟೇಬಲ್ಲಿನ ಮೇಲಿಟ್ಟರು, ನಾನು ಅವರೆಕಾಯಿ ಸುಲಿಯುತ್ತಾ ಎದುರಿಗೇ ಕೂತಿದ್ದೆ. ಮಹಾಶಯರ ಸಹಪಾಠಿಗಳೆಲ್ಲ ಒಂದಾಗುತ್ತಿದ್ದಾರಂತೆ, ಈ ಶನಿವಾರವೇ. ಬುಕಿಂಗ್ ಇದೆ ಎಂದು ಇವರು ಹೇಳಿದರು. "ಕ್ಯಾನ್ಸಲ್ ಮಾಡ್ಬಿಡಿ ಸಾರ್, ಯಾರೋ ಗೊತ್ತಿಲ್ದೋರು ತಾನೆ. ನಾವ್ ನಮ್ಮವ್ರಲ್ವಾ" ಎಂದಿತು ಫೋನು.

ನನ್ನ ಕೈ ನಿಂತಿತು. ಬ್ಯಾಡ್ಜಿನ ಮೇಲೆ ನನಗೆ ನಂಬಿಕೆ ಇತ್ತು, ಆದರೆ ನಮ್ಮವರು ಎಂಬ ಶಬ್ದ ಕಿವಿಗೆ ಬಿದ್ದರೆ ಈ ಮನುಷ್ಯ ಏನಾಗುತ್ತಾರೆ ಎನ್ನುವುದೂ ಗೊತ್ತಿತ್ತು. ಅವರು ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿದರು, ಮತ್ತೆ ಹಾಕಿಕೊಂಡರು.

"ಆಗೂದಿಲ್ಲರೀ," ಎಂದರು. "ಈ ಗೆಸ್ಟು ಭಾಳ ದಿನದಿಂದ ಕಾಯ್ಕೋತ ಕೂತಾರ."

ಫೋನು ಇಟ್ಟ ಮೇಲೆ ಯಜಮಾನರ ಹಣೆಯ ಮೇಲೆ ಬೆವರಿತ್ತು, ನಮ್ಮವರಿಗೆ ಅವರು ಹೇಳಿದ ಜೀವಮಾನದ ಮೊದಲ ‘ಇಲ್ಲ’ ಅದು. ನಾನು ಅವರೆಕಾಯಿಯ ಸಿಪ್ಪೆಯನ್ನು ಪಾತ್ರೆಗೆ, ಕಾಳನ್ನು ಕಸಕ್ಕೆ ಹಾಕುತ್ತಿದ್ದೆ ಎಂದು ಆಮೇಲೆ ಗೊತ್ತಾಯಿತು. ಹೆಂಡತಿಗಾಗಿ ಹೇಳದ ‘ಇಲ್ಲ’ವನ್ನು ಆ ಕೊಕ್ಕರೆಗಾಗಿ ಹೇಳಿದರಲ್ಲ ಎಂದು ಸಂಕಟವೂ ಆಯಿತು. ನನ್ನ ಮೇಲೆ ನನಗೇ ಹೊಟ್ಟೆಕಿಚ್ಚು. ಇಂಥ ಅವಸ್ಥೆ ಯಾರಿಗೂ ಬೇಡ.

ಶನಿವಾರ ಬೆಳಿಗ್ಗೆ ಅವರು ಪೊರಕೆ, ಬಕೆಟ್ಟು ಹೊತ್ತುಕೊಂಡು ನನಗಿಂತ ಮೊದಲೇ ಹೊರಟರು. ಹೊರಡುವಾಗ ನನ್ನ ಬ್ಯಾಗಿನ ಕಡೆ ನೋಡಿ ಟೊಪ್ಪಿಗೆ ಇಟ್ಟುಕೋ, ಬಿಸಿಲು ಜಾಸ್ತಿ ಎಂದರು. ಮಗಳ ಅಪಾರ್ಟ್‌ಮೆಂಟಿನೊಳಗೆ ಬಿಸಿಲು ಎಲ್ಲಿಂದ ಬಂತು ಎಂದು ಆಗ ಯೋಚಿಸಲಿಲ್ಲ.

ನಾಲ್ಕಕ್ಕೆ ಸರಿಯಾಗಿ ನಾನು ನನ್ನ ಮನೆಯ ಮೆಟ್ಟಿಲ ಬುಡದಲ್ಲಿದ್ದೆ. ಎದುರು ಮನೆಯ ಅಜ್ಜಿ ತನ್ನ ಬಾಲ್ಕನಿಯಿಂದ ಕೈ ಬೀಸಿ, ಇವತ್ತು ಗೆಸ್ಟು ಇಲ್ಲವೇ ಎಂದು ಕೂಗಿ ಕೇಳಿದಳು. ನಾನೇ ಗೆಸ್ಟು ಎಂದೆ. ಅವಳು ಅರ್ಥವಾದವಳ ಹಾಗೆ ತಲೆಯಾಡಿಸಿದಳು, ಅವಳಿಗೆ ಕಿವಿ ಸ್ವಲ್ಪ ಮಂದ. ಕಾಲು ತೊಳೆದೆ. ಮೆಟ್ಟಿಲು ಹತ್ತಿದೆ. ಬಾಗಿಲ ಗಂಟೆಯಲ್ಲೊಂದು ಕ್ಯಾಮೆರಾ ಇದೆ, ಬಂದವರ ಮುಖ ಯಜಮಾನರ ಫೋನಿಗೆ ಹೋಗುತ್ತದೆ. ನಾನು ಹಾಕಿಕೊಂಡ ಯೋಜನೆಯ ಕೊನೆಯ ಭಾಗ ಇದೇ ಆಗಿತ್ತು. ಕ್ಯಾಮೆರಾದ ಎದುರು ಟೊಪ್ಪಿಗೆ ತೆಗೆದು ನಿಂತು, ದೊಡ್ಡದಾಗಿ ನಗಬೇಕು, ಅವರು ಗಾಬರಿಯಾಗಿ ಫೋನು ಮಾಡಬೇಕು, ಗೆಸ್ಟಿನ ಹತ್ತಿರ ಹೀಗೆಲ್ಲ ಮಾತಾಡಬಾರದು ಎಂದು ನಾನು ಹೇಳಬೇಕು. ನಿಂತೆ. ನಕ್ಕೆ. ಕೆನ್ನೆ ನೋಯುವವರೆಗೂ ನಕ್ಕೆ. ಫೋನು ಬರಲಿಲ್ಲ. ಒಂದು ಕಡಲಹಕ್ಕಿ ಕಂಬಿಯ ಮೇಲೆ ಕೂತು ನನ್ನನ್ನು ನೋಡಿ ಹಾರಿಹೋಯಿತು.

ಬೀಗದ ಮೇಲೆ ನಂಬರ್ ಕೋಡ್ ಒತ್ತಿ ಒಳಗೆ ಹೋದೆ. ಗಂಡಸು ಸ್ವಚ್ಛ ಮಾಡಿದ ಮನೆ ಹೇಗಿರಬೇಕೋ ಹಾಗಿತ್ತು. ಹಾಸಿಗೆಯ ಹೊದಿಕೆ ಒಳಗಿನದು ಹೊರಗೆ, ಹೊರಗಿನದು ಒಳಗೆ. ಟವೆಲುಗಳನ್ನು ಧೋತ್ರದ ಹಾಗೆ ಉದ್ದಕ್ಕೆ ಮಡಿಚಿದ್ದರು. ಕನ್ನಡಿಯ ಮೇಲೆ ಒರೆಸಿದ ಗೆರೆ ಎಣಿಸಬಹುದಿತ್ತು. ಇದಕ್ಕೆಲ್ಲ ರಿವ್ಯೂದಲ್ಲಿ ಏನು ಬರೆಯಬೇಕು ಎಂದು ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಾ ಊಟದ ಟೇಬಲ್ಲಿಗೆ ಬಂದೆ. ಸಾಮಾನ್ಯವಾಗಿ ಗೆಸ್ಟಿಗೆಂದು ಅಲ್ಲಿ ಬಿಸ್ಕೀಟು, ನೀರಿನ ಬಾಟಲಿ ಇಡುತ್ತೇವೆ.

ಅಲ್ಲಿ ಶುಗರ್ ಲ್ಯಾಂಡಿನ ಮನೆಯ ದೊಡ್ಡ ಸ್ಟೀಲಿನ ತಾಟಿತ್ತು. ತಾಟಿನ ತುಂಬ ಅಕ್ಕಿ ಹರವಿತ್ತು. ಅಕ್ಕಿಯ ಮೇಲೆ ನನ್ನ ಹೆಸರು ಬರೆದಿತ್ತು, ಹಳೆಯದು.

ನಾನು ಕುರ್ಚಿ ಎಳೆದು ಕೂತೆ. ಅಕ್ಷರ ಚೆನ್ನಾಗಿರಲಿಲ್ಲ, ಅವರ ಅಕ್ಷರ ಯಾವತ್ತೂ ಚೆನ್ನಾಗಿರಲಿಲ್ಲ. ಕೊನೆಯ ಅಕ್ಷರಕ್ಕೆ ತಾಟಿನಲ್ಲಿ ಜಾಗ ಸಾಲದೆ ಬದಿಗೆ ಒತ್ತಿ ಬರೆದಿದ್ದರು, ಅಳಿಸಿ ತಿದ್ದಿದ ಗುರುತೂ ಇತ್ತು. ತಾಟಿನ ಅಂಚಿನಲ್ಲಿ ಆಗಲೇ ಇರುವೆಗಳ ಒಂದು ಸಾಲು ಹೊರಟಿತ್ತು. ನನಗೆ ಅಳು ಬಂತು. ಈ ಸಲ ಈರುಳ್ಳಿಯೂ ಇರಲಿಲ್ಲ, ಹೊಣೆ ಹೊರಿಸಲು ಯಾರೂ ಇರಲಿಲ್ಲ. ಮದುವೆಯ ದಿನ ನನ್ನಿಂದ ತೆಗೆದುಕೊಂಡದ್ದನ್ನು ಈ ಮನುಷ್ಯ ಅಕ್ಕಿಯಲ್ಲೇ ವಾಪಸ್ಸು ಇಟ್ಟು ಹೋಗಿದ್ದರು.

ಆಮೇಲೆ ಒಂದೊಂದಾಗಿ ಎಲ್ಲ ನೆನಪಾಯಿತು. ಕಾಟದ ಹೆಂಗಸು, ಆಕೆಯ ಗಂಡ, ಭಾಳ ದಿನದಿಂದ ಕಾಯ್ಕೋತ ಕೂತಾರ, ಟೊಪ್ಪಿಗೆ. ಮೊದಲ ಟಿಣ್ಣಿನಿಂದಲೇ ಗೊತ್ತಿತ್ತು! ಎಷ್ಟು ದಿನ ಮುಖ ಗಟ್ಟಿ ಮಾಡಿಕೊಂಡು ರೊಟ್ಟಿ ತಿಂದಿರಬೇಕು. ಅಳುತ್ತಿದ್ದವಳಿಗೆ ನಗು ಬಂತು, ಎರಡೂ ಒಟ್ಟಿಗೆ ಬಂದರೆ ಬಿಕ್ಕಳಿಕೆ ಹತ್ತುತ್ತದೆ ಎಂದು ನನಗೆ ಆವತ್ತೇ ತಿಳಿದದ್ದು. ಮಗಳಿಗೆ ಫೋನು ಮಾಡಿ ನೀನೇ ಹೇಳಿದೆಯಾ ಎಂದೆ. ಆಣೆ ಮಾಡಿ ಇಲ್ಲ ಎಂದಳು.

ಚಹಾ ಮಾಡಿಕೊಂಡೆ. ಜರಡಿ ಮೂರನೆಯ ಡ್ರಾಯರಿನ ಎಡಗಡೆಯೇ ಇತ್ತು. ಬಾಲ್ಕನಿಗೆ ಹೋಗಿ ಕುರ್ಚಿಯಲ್ಲಿ ಕೂತು ಕೊನೆಗೂ ಸಮುದ್ರ ನೋಡಿದೆ. ಗ್ಯಾಲ್ವೆಸ್ಟನ್ನಿನ ಸಮುದ್ರ ನೀಲಿಯಲ್ಲ, ನನ್ನ ಕಪ್ಪಿನಲ್ಲಿದ್ದ ಚಹಾದ ಬಣ್ಣವೇ. ಕೊಳೆತ ಕಡಲಪಾಚಿಯ ವಾಸನೆ ಬೇರೆ. ಇದಕ್ಕಾಗಿ ಇಷ್ಟು ಪಾಡುಪಟ್ಟೆನೇ ಎನಿಸಿತು. ಆದರೂ ಚೆನ್ನಾಗಿತ್ತು. ಅಲೆ ಬರುವುದನ್ನು ನೋಡುತ್ತಾ ಕೂತರೆ ಮನಸ್ಸು ತಾನಾಗಿ ಹಗುರವಾಗುತ್ತದೆ. ಪಕ್ಕದ ಕುರ್ಚಿ ಖಾಲಿ ಇತ್ತು. ನಾನು ಕೇಳಿದ್ದು ಒಬ್ಬಳೇ ಕೂರುವ ಸಂಜೆಯನ್ನೇ ಎಂದುಕೊಂಡಿದ್ದೆ. ಚಹಾ ಅರ್ಧಕ್ಕೆ ಬರುವ ಹೊತ್ತಿಗೆ ಆ ಮಾತು ಸುಳ್ಳು ಎಂದು ಗೊತ್ತಾಯಿತು. ಇಲ್ಲದಿದ್ದರೆ ಫಾರ್ಮಿನಲ್ಲಿ ಎರಡು ಎಂದು ಯಾಕೆ ಹೇಳುತ್ತಿದ್ದೆ?

ಫೋನು ತೆಗೆದು ಹೋಸ್ಟಿಗೆ ಮೆಸೇಜ್ ಬರೆದೆ. ಮನೆ ಪರವಾಗಿಲ್ಲ. ಟವೆಲು ಮಡಿಚುವುದನ್ನು ಕಲಿಯಬೇಕು. ಟೇಬಲ್ಲಿನ ಮೇಲೆ ಇರುವೆ ಬಂದಿವೆ. ಬುಕಿಂಗಿನಲ್ಲಿ ಇಬ್ಬರು ಎಂದಿದೆ, ಇನ್ನೊಬ್ಬರು ಇನ್ನೂ ಬಂದಿಲ್ಲ, ದಯವಿಟ್ಟು ವಿಚಾರಿಸಿ.

ಶುಗರ್ ಲ್ಯಾಂಡಿನಿಂದ ಬರಲು ಒಂದು ಗಂಟೆಯ ಮೇಲೆ ಬೇಕು. ಅಷ್ಟರಲ್ಲಿ ಅನ್ನಕ್ಕಿಡೋಣ ಎಂದು ಎದ್ದೆ. ಇನ್ನೂ ಒಳಗೆ ಕಾಲಿಟ್ಟಿರಲಿಲ್ಲ, ಕೆಳಗೆ ಕಾರು ನಿಂತ ಸದ್ದಾಯಿತು. ಮೂಲೆಯಲ್ಲೊಂದು ಗಾಳದ ಹುಳ ಮಾರುವ ಅಂಗಡಿ ಇದೆ, ಮನೆ ಸ್ವಚ್ಛ ಮಾಡಿ ಮುಗಿಸಿದಾಗಿನಿಂದ ಅದರ ಎದುರು ಕಾರಿನಲ್ಲೇ ಕೂತಿದ್ದರಂತೆ. ಗೆಸ್ಟು ಕರೆಯದೆ ಹೋಸ್ಟು ಬರುವಂತಿಲ್ಲವಲ್ಲ. ಕೆಳಗೆ ನಲ್ಲಿ ಸುರಿಯುವ ಸದ್ದು ಕೇಳಿತು. ನನ್ನನ್ನು ಬಿಟ್ಟರೆ ಆ ಬೋರ್ಡಿನ ಮಾತನ್ನು ಪೂರ್ತಿ ಪಾಲಿಸಿದ ಮೊದಲ ಮನುಷ್ಯ.

ಅವರು ಒದ್ದೆ ಕಾಲಿನಲ್ಲಿ ಮೇಲೆ ಬಂದಾಗ ನಾನು ಹೊಸ್ತಿಲಲ್ಲಿ ಎರಡೂ ಕೈ ಅಡ್ಡ ಇಟ್ಟು ನಿಂತಿದ್ದೆ. ಅವರ ಅಂಗಿಯ ತುಂಬ ಬ್ಲೀಚಿನ ಕಲೆ.

"ಮತ್ತ ಆವತ್ತ ನಮ್ಮಕ್ಕನ ಹೆಸರು ಯಾಕ ಹೇಳಿದ್ರಿ?" ಎಂದೆ.

"ಗಾಬರಿಯೊಳಗ ಬಾಯಿ ತಪ್ಪಿತು," ಎಂದರು. "ಎರಡು ದಿನ ಉಪವಾಸ ಇದ್ದವ ಮತ್ತ ಮರೀತಾನೇನು?"

ಒಳಗೆ ಬರಲು ಒಂದು ಹೆಜ್ಜೆ ಮುಂದಿಟ್ಟರು. ನಾನು ಕೈ ತೆಗೆಯಲಿಲ್ಲ.

"ಹೆಸರು ಹೇಳ್ರಿ, ಒಳಗ ಬರ್ರಿ," ಎಂದೆ.

ಅವರು ಒಮ್ಮೆ ಎದುರು ಮನೆಯ ಅಜ್ಜಿಯ ಬಾಲ್ಕನಿಯ ಕಡೆ, ಒಮ್ಮೆ ಬಾಗಿಲ ಗಂಟೆಯ ಕ್ಯಾಮೆರಾದ ಕಡೆ ನೋಡಿದರು. ಮದುಮಗನಾಗಿದ್ದಾಗ ಹೇಗೆ ತಡವರಿಸಿದ್ದರೋ ಹಾಗೇ ತಡವರಿಸಿದರು, ಕಿವಿ ಕೆಂಪಾಯಿತು. ಆಮೇಲೆ ಹೇಳಿದರು. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಆ ಹೆಸರಿನಿಂದ ಯಾರೂ ಕರೆದಿರಲಿಲ್ಲ, ಅವರ ದನಿಯಲ್ಲಂತೂ ನಾನು ಅದನ್ನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಓ ಎಂದೆ. ಅಷ್ಟು ವರ್ಷವಾದರೂ ಓಗೊಡುವುದು ಮರೆತಿರಲಿಲ್ಲ. ಕೈ ತೆಗೆದು ದಾರಿ ಬಿಟ್ಟೆ.